ದಿವ್ಯ, ಆಣೆ ಮತ್ತು ಮಂಪರು ಪರೀಕ್ಷೆ: ಸಾಕ್ಷ್ಯದ ಗ್ರಾಹ್ಯತೆ

ತ್ಯಾಮಗೊಂಡ್ಲಿನಂಥ ಊರಿನಲ್ಲಿ ಗುಡಿಯ ಮುಂದೆ ಇಟ್ಟ ಆಣೆಯಿಂದ ಊರಿನ ವ್ಯಾಜ್ಯ ತೀರಬಹುದು. ನೆಲಮಂಗಲದ ನ್ಯಾಯಾಲಯಕ್ಕೆ ಅದು ಪುರಾವೆಯಲ್ಲ. ಆಣೆಗೆ ಹತ್ತಿರದ ಶಾಸ್ತ್ರೀಯ ರೂಪ ದಿವ್ಯ. ಯಾಜ್ಞವಲ್ಕ್ಯಸ್ಮೃತಿಯು ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು ಹೇಳುತ್ತದೆ. ಆದರೆ ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಮಾನುಷ ಪ್ರಮಾಣಗಳು ಇಲ್ಲದಾಗ ಮಾತ್ರ ಅವುಗಳಿಗೆ ಅವಕಾಶ. ಈ ಸ್ಮೃತಿಗೆ ಕಲ್ಯಾಣದಲ್ಲಿ ಮಿತಾಕ್ಷರಾ ವ್ಯಾಖ್ಯಾನ ಬರೆದವನು ವಿಜ್ಞಾನೇಶ್ವರ. ಗ್ರಾಹ್ಯತೆಯ ವಿವೇಚನೆ ಕೇವಲ ಆಂಗ್ಲರ ಕೊಡುಗೆಯೆಂಬ ಗ್ರಹಿಕೆಯನ್ನು ಆದ್ದರಿಂದ ಒಪ್ಪಲಾಗದು.

1872ರ ಸಾಕ್ಷ್ಯ ಅಧಿನಿಯಮದಲ್ಲಿ ದಿವ್ಯಕ್ಕೆ ಎಡೆಯಿಲ್ಲ. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನೂ ಅದರ 25ನೆಯ ಪ್ರಕರಣವು ಹೊರಗಿಟ್ಟಿತು. ಪೀಡಿಸಿ ಪಡೆದ ಮಾತಿನ ಭಯ ಇದರ ಹಿಂದಿದೆ. ಆದರೆ ಆರೋಪಿಯ ಹೇಳಿಕೆಯಿಂದ ಏನಾದರೂ ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು 27ನೆಯ ಪ್ರಕರಣದಂತೆ ಗ್ರಾಹ್ಯ.

ದೇಹದಿಂದಲೇ ನಿಜ ಹೊರಡಿಸುವ ಹಂಬಲ ಮಂಪರು ಪರೀಕ್ಷೆಯ ರೂಪದಲ್ಲಿ ಮರಳಿತೆನ್ನಬಹುದು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಒತ್ತಾಯದ ಮಂಪರು ಪರೀಕ್ಷೆ ಸಂವಿಧಾನದ 20(3)ನೆಯ ಅನುಚ್ಛೇದಕ್ಕೆ ವಿರುದ್ಧವೆಂದು 2010ರ ಮೇ 5ರಂದು ತೀರ್ಪಿತ್ತಿತು. ಆರೋಪಿ ಒಪ್ಪಿ ಒಳಗಾದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಮುಂದೆ ಪತ್ತೆಯಾದುದನ್ನು ಮಾತ್ರ 27ನೆಯ ಪ್ರಕರಣದಂತೆ ಸ್ವೀಕರಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಪ್ರಕರಣವು ಈ ಹಳೆಯ ನಿಯಮಗಳನ್ನೇ ಒಟ್ಟುಗೂಡಿಸಿ ಉಳಿಸಿಕೊಂಡಿದೆ.