ಸಾಲಿನಿಂದ ಸಾಲಿಗೆ ಎಷ್ಟು ದೂರ?



ಕಳೆದ ವಾರ ಬಳ್ಳಾರಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. “ಸರ್, ಮನೆ ಹಿಂದೆ ಒಂದಿಷ್ಟು ಜಾಗ ಐತ್ರಿ. ಬದನೆ, ಮೆಣಸಿನ ಸಸಿ ಎಷ್ಟೆಷ್ಟು ದೂರಕ್ಕ ಹಚ್ಚಬೇಕು?” ಎಂದು ಕೇಳಿದಳು. ಅಡಿ ಲೆಕ್ಕದಲ್ಲಿ ಒಂದು ಉತ್ತರ ಹೇಳಿ ಫೋನ್ ಇಟ್ಟೆ. ಆದರೆ ಚರಿತ್ರೆ ಪಾಠ ಹೇಳಿ ಬದುಕಿದವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಆ ಅಡಿಗಳ ಹಿಂದೆ ಒಂದು ದೊಡ್ಡ ಕಥೆಯಿದೆ. ಅದರಲ್ಲಿ ನನ್ನದೇ ಒಂದು ತಪ್ಪೂ ಇದೆ.

ಗಿಡಗಳ ನಡುವಿನ ಅಂತರದ ಪ್ರಶ್ನೆ ನಮ್ಮ ದೇಶದಲ್ಲಿ ಬಹಳ ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ ಮರದಿಂದ ಮರಕ್ಕೆ 20 ಹಸ್ತ ಉತ್ತಮ, 16 ಮಧ್ಯಮ, 12 ಕನಿಷ್ಠ ಎಂದು ಹೇಳಿದ್ದಾನೆ. ಹಸ್ತವೆಂದರೆ ನಮ್ಮ ಮೊಳ, ಅಂದರೆ ಸುಮಾರು ಒಂದೂವರೆ ಅಡಿ. ಆ ಲೆಕ್ಕದಲ್ಲಿ 30, 24 ಮತ್ತು 18 ಅಡಿಗಳಾಗುತ್ತವೆ. ಒತ್ತಾಗಿ ನೆಟ್ಟ ಮರಗಳು ಒಂದನ್ನೊಂದು ತಾಕಿ, ಬೇರಿಗೆ ಬೇರು ಹೆಣೆದು, ಪೀಡೆಗೊಳಗಾಗಿ ಸರಿಯಾಗಿ ಫಲ ಕೊಡುವುದಿಲ್ಲವೆಂಬ ಕಾರಣವನ್ನೂ ಅವನು ಕೊಟ್ಟಿದ್ದಾನೆ. ಕನ್ನಡದಲ್ಲಿಯೂ ಹನ್ನೊಂದನೆಯ ಶತಮಾನದ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನ ಕೊಟ್ಟನು. ಅವನು ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದವನು. ನಮ್ಮ ಬಳ್ಳಾರಿ ಸೀಮೆಯೂ ಆಗ ಅವರ ಆಳ್ವಿಕೆಗೇ ಸೇರಿತ್ತು.

ಆದರೆ ಹೊಲದ ರೈತ ಗ್ರಂಥ ನೋಡಿ ಅಂತರ ಗೊತ್ತುಮಾಡಿದವನಲ್ಲ. ನಾನು ಹುಟ್ಟಿದ ಕುರುಗೋಡಿನಲ್ಲಿ ಅದನ್ನು ಗೊತ್ತುಮಾಡುತ್ತಿದ್ದುದು ಮಳೆ ಮತ್ತು ಕುಂಟೆ. ಬಳ್ಳಾರಿಯ ಸುತ್ತ ವರ್ಷಕ್ಕೆ ಬೀಳುವುದು ಸುಮಾರು 500 ಮಿಲಿಮೀಟರ್ ಮಳೆ ಮಾತ್ರ. ಎರೆಭೂಮಿ ಆ ನೀರನ್ನು ಹಿಡಿದಿಟ್ಟುಕೊಂಡು ಬೆಳೆಗೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತದೆ. ಅಲ್ಲಿ ಗಿಡಕ್ಕೆ ಬಿಟ್ಟ ಜಾಗವೆಂದರೆ ಅದರ ಪಾಲಿನ ನೀರು. ಎರಡು ಗಿಡದ ಜಾಗದಲ್ಲಿ ಮೂರು ಗಿಡ ಹಚ್ಚಿದರೆ ಮಳೆ ತಪ್ಪಿದ ವರ್ಷ ಮೂರೂ ಬಾಡುತ್ತವೆ. 1876ರಿಂದ 1878ರವರೆಗಿನ ಘೋರ ಕ್ಷಾಮವನ್ನು ಕಂಡ ಸೀಮೆಯಲ್ಲಿ ಇದನ್ನು ಯಾರೂ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಇನ್ನು ಕುಂಟೆಯ ಮಾತು. ನಮ್ಮ ತಾತ ಕೂರಿಗೆಯಿಂದ ಬಿತ್ತುತ್ತಿದ್ದರು. ಕೂರಿಗೆಯ ತಾಳುಗಳ ನಡುವೆ ಎಷ್ಟು ಅಂತರವಿದೆಯೋ ಸಾಲುಗಳ ನಡುವೆಯೂ ಅಷ್ಟೇ. ಪೈರು ಬೆಳೆದ ಮೇಲೆ ಅದೇ ಸಾಲುಗಳ ನಡುವೆ ಎಡೆಕುಂಟೆ ಹೋಗಬೇಕು, ಎತ್ತುಗಳು ಗಿಡ ತುಳಿಯದೆ ನಡೆಯಬೇಕು. ಮೆಣಸಿನ ಗಿಡವನ್ನಂತೂ ಚೌಕವಾಗಿ ಹಚ್ಚುತ್ತಿದ್ದರು. ಹೊಲಕ್ಕೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಗೆರೆ ಎಳೆದು, ಗೆರೆಗಳು ಕೂಡುವಲ್ಲಿ ಸಸಿ ಊರುವುದು. ಆಗ ಎರಡೂ ದಿಕ್ಕಿಗೆ ಎಡೆ ಹೊಡೆಯಬಹುದು, ಕೈಯಿಂದ ಕಳೆ ಕೀಳುವ ಕೆಲಸ ಬಹಳ ಉಳಿಯುತ್ತದೆ. ಮೆಣಸಿನಕಾಯಿ ನಮ್ಮ ಮೂಲದ ಗಿಡವಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ಬಂದದ್ದು. ಹೊಸ ಗಿಡ ನಮ್ಮ ಹಳೆಯ ಕುಂಟೆಯ ಅಳತೆಗೆ ಹೊಂದಿಕೊಂಡಿತೆಂದು ನನ್ನ ಊಹೆ. ಇಂದು ಕುರುಗೋಡು ಸೀಮೆಯ ರೈತರು ಕೆಂಪು ಮೆಣಸಿನಕಾಯಿಯನ್ನು ಬ್ಯಾಡಗಿಯ ಮಾರುಕಟ್ಟೆಯವರೆಗೂ ಒಯ್ದು ಮಾರುತ್ತಾರೆ.

ಇಂಗ್ಲೆಂಡಿನಲ್ಲಿ ಸಾಲು ಬಿತ್ತನೆಯ ಯಂತ್ರವನ್ನು ಜೆತ್ರೊ ಟಲ್ ಎಂಬಾತ ರೂಪಿಸಿದ್ದು 1701ರ ಸುಮಾರಿಗೆ. ಸಾಲುಗಳನ್ನು ಅಗಲವಾಗಿಟ್ಟು ನಡುವೆ ಕುದುರೆಯಿಂದ ಎಡೆ ಹೊಡೆಸಬೇಕೆಂದು ಅವನು ವಾದಿಸಿದ. ಅದೇ ಶತಮಾನದ ಕೊನೆಯಲ್ಲಿ, 1795ರ ಸುಮಾರಿಗೆ, ನಮ್ಮ ನೆರೆಯ ತೆಲುಗು ಸೀಮೆಯಲ್ಲಿದ್ದ ಕ್ಯಾಪ್ಟನ್ ಹಾಲ್ಕಾಟ್ ಎಂಬ ಅಧಿಕಾರಿ ರೈತರ ಕೂರಿಗೆಯನ್ನು ಕಂಡು ಬೆರಗಾಗಿ, ಅದರ ವಿವರವನ್ನು ಇಂಗ್ಲೆಂಡಿನ ಕೃಷಿ ಮಂಡಲಿಗೆ ಬರೆದು ತಿಳಿಸಿದ. ಅವರಿಗೆ ಹೊಸದೆನಿಸಿದ್ದು ಇಲ್ಲಿಯವರಿಗೆ ದಿನನಿತ್ಯದ ಉಪಕರಣವಾಗಿತ್ತು.

ನಾನು ಉಪಾಧ್ಯಾಯನಾಗಿ ಸೇರಿದ ಸಿರುಗುಪ್ಪದ ಲೆಕ್ಕ ಬೇರೆ. ಅದು ವಿಜಯನಗರ ಕಾಲದ ಕಾಲುವೆಯ ನೀರು ಉಂಡ ನೆಲ. ತುಂಗಭದ್ರಾ ಅಣೆಕಟ್ಟಿನ ಯೋಜನೆ ಇನ್ನೂ ಕಾಗದದ ಮೇಲಿದ್ದಾಗಲೇ, 1937ರಲ್ಲಿ, ಅಂದಿನ ಮದ್ರಾಸ್ ಸರ್ಕಾರ ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆಯಿತು. ಎರೆಭೂಮಿಗೆ ಕಾಲುವೆ ನೀರು ಹಾಯಿಸಿದರೆ ಏನಾದೀತು, ಜವಳು ಏಳದೆ ಬೆಳೆ ಬಂದೀತೇ ಎಂಬುದು ಅಲ್ಲಿಯ ಮುಖ್ಯ ಪ್ರಶ್ನೆಯಾಗಿತ್ತು. ಆ ಕೇಂದ್ರ ಈಗ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. 1953ರಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.

ನೀರು ಯಥೇಚ್ಛವಾಗಿದ್ದರೆ ಅಂತರ ಏಕೆ ಬೇಕು? ನಾನೂ ಹಾಗೆಯೇ ಎಣಿಸಿ ಕೆಟ್ಟೆ. 1980ರ ದಶಕದ ಆರಂಭದಲ್ಲಿ ನಮ್ಮ ಶಾಲೆಯ ಕೈತೋಟದ ಹೊಣೆ ನನ್ನದಾಗಿತ್ತು. ಆ ವರ್ಷ ಬದನೆಕಾಯಿ ಮಾರಿ ಬಂದ ಹಣದಲ್ಲಿ ಮೂವರು ಬಡ ಹುಡುಗರ ಹತ್ತನೆಯ ತರಗತಿಯ ಪರೀಕ್ಷಾ ಶುಲ್ಕ ಕಟ್ಟುವುದಾಗಿ ಮಾತು ಕೊಟ್ಟಿದ್ದೆ. ಜಾಗ ಇದ್ದದ್ದು 30 ಅಡಿಗೆ 20 ಅಡಿ. ಎರಡೂವರೆ ಅಡಿಗೊಂದರಂತೆ ಹಚ್ಚಿದರೆ 96 ಗಿಡ. ಒಂದೂವರೆ ಅಡಿಗೊಂದರಂತೆ ಹಚ್ಚಿದರೆ 260. ಕಪ್ಪುಹಲಗೆಯ ಮೇಲೆ ಈ ಲೆಕ್ಕ ಬರೆದು ಮಕ್ಕಳಿಗೆ ತೋರಿಸಿ 260 ಸಸಿ ಹಚ್ಚಿಸಿದೆ. ಶಾಲೆಯಲ್ಲಿ ಕಸ ಗುಡಿಸುತ್ತಿದ್ದ ಅಜ್ಜಿ ನೋಡಿ, “ಮೇಷ್ಟ್ರೇ, ಇಷ್ಟು ಒತ್ತಾಗಿ ಹಚ್ಚಿದ್ರ ನಡುವೆ ಯಾರು ಕುಂದ್ರಬೇಕು? ಗಿಡಕ್ಕ ಬ್ಯಾಡ, ನಿಮ್ಮ ಕೈಗಾದ್ರೂ ಜಾಗ ಬಿಡ್ರಿ” ಎಂದರು. ನಾನು ನಕ್ಕು ಸುಮ್ಮನಾದೆ.

ಎರಡು ತಿಂಗಳಿಗೆ ಗಿಡಗಳು ಬೆಳಕಿಗಾಗಿ ಪೈಪೋಟಿ ಮಾಡಿ ಸಣಕಲಾಗಿ ಮೇಲೇರಿದವು. ನಡುವೆ ಗಾಳಿಯಾಡಲಿಲ್ಲ, ನೆಲ ಒಣಗಲಿಲ್ಲ. ಕಾಯಿಕೊರಕ ಬಿದ್ದ ಕಾಯಿಗಳನ್ನು ಕಿತ್ತೆಸೆಯೋಣವೆಂದರೆ ಒಳಗೆ ಕೈ ಹಾಕಲಾಗಲಿಲ್ಲ. ಹುಡುಗರ ಮೊಣಕೈಗಳೆಲ್ಲ ಮುಳ್ಳು ತರಚಿದವು. ಸಿಕ್ಕ ಕಾಯಿ ಸಣ್ಣವು, ಅದರಲ್ಲೂ ಅರ್ಧ ಹುಳುಕು. ಶುಲ್ಕದ ಹಣ ಹುಟ್ಟಲಿಲ್ಲ. ಸಹೋದ್ಯೋಗಿಗಳೆಲ್ಲ ಕೈಯಿಂದ ಹಾಕಿ ಕಟ್ಟಿದೆವು. ಆದರೆ ಆ ಮೂವರಲ್ಲಿ ಒಬ್ಬ, ತೋಟ ಕೈಕೊಟ್ಟದ್ದನ್ನು ಕಂಡು ತನ್ನ ಓದು ಮುಗಿಯಿತೆಂದು ತಿಳಿದು, ಹದಿನೈದು ದಿನ ಶಾಲೆಗೇ ಬರಲಿಲ್ಲ. ಗದ್ದೆಯ ಕೆಲಸದಲ್ಲಿದ್ದವನನ್ನು ಹುಡುಕಿ ಕರೆತಂದೆ. ಅವನು ತೇರ್ಗಡೆಯಾದ. ನನ್ನ ಲೆಕ್ಕಕ್ಕೆ ಅವನು ಹದಿನೈದು ದಿನ ತೆತ್ತನೆಂಬುದನ್ನು ಮಾತ್ರ ನಾನು ಮರೆತಿಲ್ಲ.

ನನ್ನ ತಪ್ಪೇನೆಂಬುದನ್ನು ನಿವೃತ್ತನಾದ ಮೇಲೆ ಓದಿ ತಿಳಿದೆ. ನಮ್ಮ ಕಾಲುವೆಗೆ ನೀರು ಬಂದ 1953ರಲ್ಲಿಯೇ ಜಪಾನಿನ ತತ್ಸುವೋ ಕಿರಾ ಮತ್ತು ಅವರ ಸಂಗಡಿಗರು ಗಿಡಗಳ ದಟ್ಟಣೆಯ ಬಗ್ಗೆ ಪ್ರಯೋಗಗಳನ್ನು ಪ್ರಕಟಿಸಿದ್ದರು. ಒಂದು ಮಿತಿಯಾಚೆ ಗಿಡಗಳ ಸಂಖ್ಯೆ ಹೆಚ್ಚಿಸಿದರೂ ಆ ನೆಲದ ಒಟ್ಟು ಬೆಳವಣಿಗೆಯ ತೂಕ ಹೆಚ್ಚುವುದಿಲ್ಲ. ಒಂದೊಂದು ಗಿಡವೂ ಸಣ್ಣದಾಗುತ್ತದೆ, ಅಷ್ಟೆ. ನೀರು ಸಾಕಷ್ಟಿದ್ದರೂ ಬೆಳಕು, ಗಾಳಿ, ಸಾರ ಹಂಚಿಕೆಯಾಗಲೇಬೇಕು. ಕಾಲುವೆಯ ನೀರಾದರೂ ಶಾಶ್ವತವೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆ ನಂಬಿದವರೆಲ್ಲ ಮತ್ತೆ ಆಕಾಶ ನೋಡಿದರು.

ಆದ್ದರಿಂದ, ತಂಗೀ, ಫೋನಿನಲ್ಲಿ ಹೇಳಿದ್ದನ್ನು ಕಾರಣಸಹಿತ ಮತ್ತೊಮ್ಮೆ ಬರೆಯುತ್ತೇನೆ. ಬದನೆಗೆ ಎರಡರಿಂದ ಎರಡೂವರೆ ಅಡಿ ಬಿಡು. ಮೆಣಸಿನ ಸಾಲಿನಿಂದ ಸಾಲಿಗೆ ಎರಡಡಿ, ಸಾಲಿನಲ್ಲಿ ಗಿಡಕ್ಕೆ ಒಂದೂವರೆ ಅಡಿ. ನೆಲ ಸಾರವುಳ್ಳದ್ದಾಗಿ ಗಿಡ ಹರಡುವ ತಳಿಯಾದರೆ ಇನ್ನೂ ಹೆಚ್ಚು. ಬೆಂಡೆಗೆ ಸಾಲಿನಿಂದ ಸಾಲಿಗೆ ಎರಡಡಿ, ಗಿಡಕ್ಕೆ ಒಂದಡಿ. ಉಳ್ಳಾಗಡ್ಡಿಗೆ ಸಾಲಿನಿಂದ ಸಾಲಿಗೆ ಆರಂಗುಲ, ಗಿಡಕ್ಕೆ ನಾಲ್ಕಂಗುಲ ಸಾಕು. ಕುಂಡವಾದರೆ ಒಂದರಲ್ಲಿ ಒಂದೇ ಬದನೆ. ಸಸಿ ಊರುವ ಮೊದಲು ಸಾಲಿನ ನಡುವೆ ಒಮ್ಮೆ ಕುಳಿತು ನೋಡು. ಕಳೆ ಕೀಳಲು, ಹುಳುಕು ಕಾಯಿ ಬಿಡಿಸಲು ಕೈ ಆಡುತ್ತದೆಯೇ ಎಂದು ಪರೀಕ್ಷಿಸು. ಸಸಿ ಸಣ್ಣದಿರುವಾಗ ಖಾಲಿ ಜಾಗ ಕಂಡು ಮನಸ್ಸು ಆಸೆಪಡುತ್ತದೆ. ಆ ಆಸೆಗೆ ಮಣಿಯಬೇಡ.

ಆ ಮೂವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಎರಡು ಸಾಲು ಬರೆಯಿರಿ. ಅಜ್ಜಿ ಈಗಿಲ್ಲ. ಅವರು ಹೇಳಿದ್ದೇ ಸರಿಯೆಂದು ಅವರ ಎದುರಿಗೆ ಒಪ್ಪಿಕೊಳ್ಳಲು ಆಗ ನನಗೆ ಬಾಯಿ ಬರಲಿಲ್ಲ. ಈಗ ನಿಮ್ಮೆಲ್ಲರ ಮುಂದೆ ಒಪ್ಪಿಕೊಂಡಿದ್ದೇನೆ.