ಮೇಜಿನ ಸುತ್ತ ಕೂತವರ ಕತೆ ಹೇಳಿದ್ದು ಯಾರು?

ತಾಳಮದ್ದಲೆ ನೋಡಿದವರಿಗೆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ ವಿವರಿಸೋದು ಬಹಳ ಸುಲಭ. ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ನಾಲ್ಕೈದು ಜನ ಕೂತ್ಕೋತಾರೆ. ಒಬ್ಬ ಕರ್ಣ, ಇನ್ನೊಬ್ಬ ಕೃಷ್ಣ, ಮಾತಿನಲ್ಲೇ ಯುದ್ಧ. ಭಾಗವತರ ಜಾಗದಲ್ಲಿ 'ಡಂಜನ್ ಮಾಸ್ಟರ್' ಅನ್ನೋ ಒಬ್ಬ ಕತೆ ನಡೆಸ್ತಾನೆ. ಒಂದೇ ದೊಡ್ಡ ವ್ಯತ್ಯಾಸ. ತಾಳಮದ್ದಲೆಯ ಕರ್ಣ ಎಷ್ಟೇ ಚೆನ್ನಾಗಿ ಅರ್ಥ ಹೇಳಿದ್ರೂ ಕೊನೆಗೆ ಸಾಯಲೇಬೇಕು. ಇಲ್ಲಿ ಸಾಯೋದೋ ಬದುಕೋದೋ ಅನ್ನೋದನ್ನ ಇಪ್ಪತ್ತು ಮುಖದ ಒಂದು ದಾಳ ಹೇಳುತ್ತೆ.

ಈ ಆಟ ಆಡೋರ ಬಗ್ಗೆ, ಅವರ ಪಕ್ಕದ ಮೇಜಲ್ಲಿ ಎಲೆ ಆಡೋರ ಬಗ್ಗೆ 2013ರಲ್ಲಿ ಒಂದು ಸಿನಿಮಾ ಬಂತು. ಹೆಸರು 'ದ ಗೇಮರ್ಸ್: ಹ್ಯಾಂಡ್ಸ್ ಆಫ್ ಫೇಟ್'. ಮಹಾ ಕಲಾಕೃತಿ ಏನಲ್ಲ, ಕೆಲವು ಜೋಕುಗಳಂತೂ ಆ ಕೂಟದವರಿಗೆ ಮಾತ್ರ ಅರ್ಥ ಆಗೋವಂಥವು. ಆದ್ರೆ ಅದು ಬರೋಕೆ ಮುಂಚಿನ ಮೂವತ್ತು ವರ್ಷದ ಕತೆ ಗೊತ್ತಿದ್ರೆ ಆ ನಗುವಿಗೆ ಬೇರೆಯೇ ತೂಕ ಬರುತ್ತೆ. ನಾನು ಹೇಳ್ಬೇಕು ಅಂದ್ಕೊಂಡಿರೋದು ಮುಖ್ಯವಾಗಿ ಆ ಮೂವತ್ತು ವರ್ಷದ್ದು.

ಶುರುವಿನಿಂದ ಬರೋಣ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವಾ ಅಂತ ಒಂದು ಸಣ್ಣ ಊರು. ಅಲ್ಲಿ ಗ್ಯಾರಿ ಗೈಗ್ಯಾಕ್ಸ್ ಅನ್ನೋ ಇನ್ಶೂರೆನ್ಸ್ ಕಂಪನಿಯ ನೌಕರನಿಗೆ ಯುದ್ಧದಾಟಗಳ ಹುಚ್ಚು. 1968ರಲ್ಲಿ ಊರಿನ ಹಾರ್ಟಿಕಲ್ಚರಲ್ ಹಾಲನ್ನ 50 ಡಾಲರ್ ಬಾಡಿಗೆಗೆ ಹಿಡಿದು ತನ್ನಂಥ ಹುಚ್ಚರನ್ನೆಲ್ಲ ಕರೆದ. ಅದೇ ಮೊದಲನೇ 'ಜೆನ್ ಕಾನ್' ಸಮ್ಮೇಳನ. 1974ರಲ್ಲಿ ಡೇವ್ ಆರ್ನೆಸನ್ ಜೊತೆ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ಮೊದಲು ಅಚ್ಚು ಹಾಕಿಸಿದ್ದು ಬರೀ 1000 ಪ್ರತಿ. ಕೆಲವೇ ವರ್ಷದಲ್ಲಿ ಕಾಲೇಜು ಹಾಸ್ಟೆಲ್‌ಗಳಿಗೆಲ್ಲ ಹಬ್ಬಿತು. ಹೊರಗಿನವರಿಗೆ ಮಾತ್ರ ಇದೇನು ಅಂತ ಗೊತ್ತಿರ್ಲಿಲ್ಲ. ಬೋರ್ಡಿಲ್ಲ, ಗೆಲ್ಲೋರು ಸೋಲೋರು ಇಲ್ಲ, ಮಕ್ಕಳು ರಾತ್ರಿಯಿಡೀ ಬಾಗಿಲು ಹಾಕ್ಕೊಂಡು ರಾಕ್ಷಸರ ಬಗ್ಗೆ ಮಾತಾಡ್ತಾರೆ!

1979ರ ಆಗಸ್ಟ್‌ನಲ್ಲಿ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯಿಂದ ಒಬ್ಬ ಹುಡುಗ ಕಾಣೆಯಾದ. ವಯಸ್ಸು 16, ಓದ್ತಾ ಇದ್ದಿದ್ದು ಕಂಪ್ಯೂಟರ್ ಸೈನ್ಸ್. ನಾವು 'ಬಾಲ ಪ್ರತಿಭೆ' ಅಂತ ಪೇಪರಲ್ಲಿ ಫೋಟೋ ಹಾಕಿ ಕೊಂಡಾಡ್ತೀವಲ್ಲ, ಆ ಥರದವನು. ಮನೆಯವರು ಟೆಕ್ಸಾಸ್‌ನ ವಿಲಿಯಂ ಡಿಯರ್ ಅನ್ನೋ ಖಾಸಗಿ ಪತ್ತೇದಾರನನ್ನ ನೇಮಿಸಿದ್ರು. ಹುಡುಗ ಈ ಆಟ ಆಡ್ತಿದ್ದ ಅನ್ನೋ ಸುಳಿವು ಸಿಕ್ತು. ಯೂನಿವರ್ಸಿಟಿಯ ಅಡಿಯಲ್ಲಿ ಹಬೆ ಕೊಳವೆಗಳ ಸುರಂಗಗಳಿದ್ವು. ಎರಡನ್ನೂ ಕೂಡಿಸಿದ ಡಿಯರ್, ಆಟವೇ ನಿಜ ಅಂದ್ಕೊಂಡು ಹುಡುಗ ಸುರಂಗದೊಳಗೆ ಕಳೆದುಹೋಗಿರಬಹುದು ಅಂತ ಒಂದು ಊಹೆ ಮಾಡಿದ. ಪತ್ರಿಕೆಗಳಿಗೆ ಇನ್ನೇನು ಬೇಕು? ಊಹೆ ಹೋಗಿ ಸುದ್ದಿ ಆಯ್ತು.

ನಿಜ ಬೇರೆ ಇತ್ತು. ಸುಮಾರು ಒಂದು ತಿಂಗಳಾದ ಮೇಲೆ ಆ ಹುಡುಗ ದೂರದ ಲೂಸಿಯಾನಾದಲ್ಲಿ ಸಿಕ್ಕಿದ. ಅವನ ಕಷ್ಟಕ್ಕೂ ದಾಳಕ್ಕೂ ಸಂಬಂಧ ಇರ್ಲಿಲ್ಲ. ಖಿನ್ನತೆ, ತನಗಿಂತ ದೊಡ್ಡವರ ನಡುವಿನ ಒಂಟಿತನ, ಓದಿನ ಒತ್ತಡ ಇವೆಲ್ಲ ಇದ್ವು. ಮರುವರ್ಷ, 1980ರ ಆಗಸ್ಟ್‌ನಲ್ಲಿ ಆತ್ಮಹತ್ಯೆ ಮಾಡ್ಕೊಂಡು ತೀರಿಕೊಂಡ. ಡಿಯರ್ ಈ ಸಂಗತಿಗಳನ್ನ ಪುಸ್ತಕವಾಗಿ ಬರೆದಿದ್ದು 1984ರಲ್ಲಿ. ಅಷ್ಟು ಹೊತ್ತಿಗೆ ಸುಳ್ಳು ಕತೆ ಊರೆಲ್ಲ ಸುತ್ತಿ ಬಂದಿತ್ತು.

ನಾಲ್ಕು ವರ್ಷ ಇಂಜಿನಿಯರಿಂಗ್ ಹಾಸ್ಟೆಲಲ್ಲಿ ಇದ್ದವನಾಗಿ ಈ ಭಾಗ ಓದೋವಾಗ ನನಗೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯ್ತು. ಅಂಥ ಹುಡುಗರನ್ನ ನಾವೂ ನೋಡಿದೀವಿ. ಊಟಕ್ಕೆ ಬರೋದು ನಿಲ್ಲಿಸಿದ್ದಾನೆ ಅಂದ್ರೆ ಯಾರೂ ಕೇಳಲ್ಲ, ರೂಮಲ್ಲಿ ಇಸ್ಪೀಟು ಸಿಕ್ತು ಅಂದ್ರೆ ಮಾತ್ರ ವಾರ್ಡನ್ ಮನೆಗೆ ಫೋನು ಮಾಡ್ತಾರೆ. ಒತ್ತಡ ಕಣ್ಣಿಗೆ ಕಾಣಲ್ಲ, ಎಲೆಗಳು ಕಾಣ್ತವೆ.

ಆ ಸುಳ್ಳು ಕತೆಯನ್ನ ಇಟ್ಕೊಂಡು 1981ರಲ್ಲಿ ರೋನಾ ಜ್ಯಾಫಿ 'ಮೇಜಸ್ ಅಂಡ್ ಮಾನ್‌ಸ್ಟರ್ಸ್' ಅಂತ ಕಾದಂಬರಿ ಬರೆದ್ರು. 1982ರ ಡಿಸೆಂಬರ್‌ನಲ್ಲಿ ಸಿಬಿಎಸ್ ಚಾನೆಲ್ ಅದನ್ನ ಟಿವಿ ಸಿನಿಮಾ ಮಾಡಿ ಪ್ರಸಾರ ಮಾಡ್ತು. ಹೀರೋ ಯಾರು ಗೊತ್ತಾ? ಆಗಿನ್ನೂ ಇಪ್ಪತ್ತಾರರ ಹರೆಯದ ಟಾಮ್ ಹ್ಯಾಂಕ್ಸ್! ಆಟದಲ್ಲಿ ತಾನು ಮಾಡೋ ಪಾತ್ರವೇ ತಾನು ಅಂತ ನಂಬೋ ಹುಡುಗನ ಪಾತ್ರ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಮೇಲಿಂದ ಹಾರೋಕೆ ಹೋಗ್ತಾನೆ, ಗೆಳೆಯರು ತಡೀತಾರೆ. ಕೊನೆಯಲ್ಲೂ ಅವನಿಗೆ ಬುದ್ಧಿ ನೆಟ್ಟಗಾಗಲ್ಲ, ಕಾಲ್ಪನಿಕ ಲೋಕದಲ್ಲೇ ಉಳಿದುಬಿಡ್ತಾನೆ. ನಟನೆ ಚೆನ್ನಾಗಿದೆ, ಅದೇ ತೊಂದರೆ. ಕೆಟ್ಟದಾಗಿ ನಟಿಸಿದ್ದಿದ್ರೆ ಜನ ಅಷ್ಟು ನಂಬ್ತಿರಲಿಲ್ಲವೇನೋ.

ಆಮೇಲೆ ಶುರುವಾಯ್ತು ನೋಡಿ. ಮಗನನ್ನ ಆತ್ಮಹತ್ಯೆಯಲ್ಲಿ ಕಳ್ಕೊಂಡ ಪ್ಯಾಟ್ರಿಷಿಯಾ ಪುಲ್ಲಿಂಗ್ ಅನ್ನೋ ತಾಯಿ 1983ರಲ್ಲಿ ಈ ಆಟದ ವಿರುದ್ಧ ಒಂದು ಸಂಘವನ್ನೇ ಕಟ್ಟಿದ್ರು. 1985ರಲ್ಲಿ '60 ಮಿನಿಟ್ಸ್' ಕಾರ್ಯಕ್ರಮದಲ್ಲಿ ಈ ವಿಷಯ ಬಂತು. ಆಟ ಬರೆದ ಗೈಗ್ಯಾಕ್ಸ್ ಅಲ್ಲಿ ಆರೋಪಿಯ ಹಾಗೆ ಕೂತು ಉತ್ತರ ಕೊಡಬೇಕಾಯ್ತು. ಆ ತಾಯಿಯ ದುಃಖವನ್ನ ನಾನು ಹಗುರ ಮಾಡೋಕೆ ಹೋಗಲ್ಲ. ಆದ್ರೆ ಲೇಖಕ ಮೈಕಲ್ ಸ್ಟ್ಯಾಕ್‌ಪೋಲ್ 1990ರಲ್ಲಿ ಕೂತು ಆ ಸಂಘದ ವಾದಗಳನ್ನ ಒಂದೊಂದಾಗಿ ಪರೀಕ್ಷಿಸಿ ವರದಿ ಬರೆದಾಗ ಅವು ನಿಲ್ಲಲಿಲ್ಲ.

ಇದೆಲ್ಲ ಹಳೇ ಅಮೆರಿಕದ ಮೂಢತನ ಅಂತ ನಗೋ ಹಾಗಿಲ್ಲ. 2017ರಲ್ಲಿ ನಮ್ಮಲ್ಲಿ 'ಬ್ಲೂ ವೇಲ್' ಗಲಾಟೆ ನೆನಪಿದೆಯಲ್ಲ? ಆ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗೂಗಲ್, ಫೇಸ್‌ಬುಕ್ ಎಲ್ಲರಿಗೂ ಅದರ ಲಿಂಕ್ ತೆಗೀರಿ ಅಂತ ಹೇಳ್ತು, ಶಾಲೆಗಳಲ್ಲಿ ಎಚ್ಚರಿಕೆ ಕೊಟ್ರು. ತನಿಖೆ ಮಾಡಿದ ಸಮಿತಿಗೆ ಆ ಯಾವ ಸಾವಿನಲ್ಲೂ ಆಟದ ಪಾತ್ರ ಸಾಬೀತು ಮಾಡೋಕೆ ಆಗಲಿಲ್ಲ ಅಂತ 2018ರ ಜನವರಿಯಲ್ಲಿ ಸರ್ಕಾರವೇ ಲೋಕಸಭೆಯಲ್ಲಿ ಹೇಳ್ತು. ಅದನ್ನ ಓದಿದವರು ಎಷ್ಟು ಜನ?

ಇರಲಿ, ಸಿನಿಮಾಕ್ಕೆ ಬರ್ತೀನಿ. ಮೇಜಿನ ಸುತ್ತ ಕೂತವರು ತಾವೇ ಕ್ಯಾಮೆರಾ ಹಿಡಿದಿದ್ದು 2002ರಲ್ಲಿ. ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ಲುಥೆರನ್ ಯೂನಿವರ್ಸಿಟಿಯಲ್ಲಿ ಓದಿದ ಮ್ಯಾಟ್ ವ್ಯಾನ್ಸಿಲ್ ಮತ್ತವನ ಗೆಳೆಯರು ಸೇರಿ ಪುಡಿಗಾಸಿನಲ್ಲಿ 'ದ ಗೇಮರ್ಸ್' ತೆಗೆದ್ರು. ಒಂದು ಹಾಸ್ಟೆಲ್ ರೂಮು, ಒಂದಷ್ಟು ಕಾಡು. ಹುಡುಗರು ರೂಮಲ್ಲಿ ಮಾತಾಡಿದ್ದು ಕಾಡಲ್ಲಿ ನಡೆಯುತ್ತೆ, ಅಷ್ಟೇ ತಂತ್ರ. ಗುಂಪಿನ ಒಬ್ಬ ಆ ದಿನ ಆಟಕ್ಕೆ ಬಂದಿಲ್ಲ, ಹಾಗಾಗಿ ಅವನ ಪಾತ್ರ ಕಾಡಿನಲ್ಲಿ ಸುಮ್ಮನೆ ಶೂನ್ಯ ನೋಡ್ತಾ ನಿಂತಿರುತ್ತೆ! ಆಡಿದವರಿಗೇ ಹೊಳೆಯೋ ಜೋಕು ಇದು. ಕೊನೆಯಲ್ಲಿ ಕಾಡಿನ ಪಾತ್ರಗಳು ಹಾಸ್ಟೆಲ್ ರೂಮಿಗೇ ಬಂದುಬಿಡ್ತವೆ. ಟಾಮ್ ಹ್ಯಾಂಕ್ಸ್ ಸಿನಿಮಾದಲ್ಲಿ ಆಟದ ಲೋಕ ಮತ್ತು ನಿಜ ಲೋಕದ ನಡುವಿನ ಗೋಡೆ ಬಿದ್ರೆ ಅದು ರೋಗ. ಇಲ್ಲಿ ಅದೇ ಗೋಡೆ ಬೀಳೋದು ತಮಾಷೆ. ಇಪ್ಪತ್ತು ವರ್ಷ ಬೈಸಿಕೊಂಡವರು ಕೊಟ್ಟ ಉತ್ತರ ಅಂತ ನಾನು ಓದ್ಕೋತೀನಿ. ಅವರು ಹಾಗಂದ್ಕೊಂಡು ಮಾಡಿದ್ರೋ ಇಲ್ವೋ, ನನಗಂತೂ ಹಾಗೆ ಕಾಣುತ್ತೆ.

2008ರಲ್ಲಿ ಎರಡನೇದು, 'ಡಾರ್ಕ್‌ನೆಸ್ ರೈಸಿಂಗ್' ಹೆಸರನ್ನ ತಿರುಚಿ 'ಡಾರ್ಕ್‌ನೆಸ್' ಜಾಗದಲ್ಲಿ 'ಡೋರ್ಕ್‌ನೆಸ್' ಅಂತ ಇಟ್ರು, ಪೆದ್ದುತನ ಅನ್ನೋ ಅರ್ಥ ಬರೋ ಹಾಗೆ. ಗಂಡುಹುಡುಗರ ಮೇಜಿಗೆ ಮೊದಲ ಸಲ ಜೊಯಾನಾ ಅನ್ನೋ ಹುಡುಗಿ ಬಂದು ಕೂರೋದು ಅದರ ಎಳೆ. ಮೂರನೇದೇ 'ಹ್ಯಾಂಡ್ಸ್ ಆಫ್ ಫೇಟ್'. ಇದಕ್ಕೆ ನಿರ್ಮಾಪಕರನ್ನ ಹುಡುಕಲಿಲ್ಲ. 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ್ರು, ಅಭಿಮಾನಿಗಳು ಕೊಟ್ಟಿದ್ದು 4 ಲಕ್ಷ ಡಾಲರ್ ದಾಟಿತು. ನಮ್ಮಲ್ಲಿ 'ಲೂಸಿಯಾ' ಸಿನಿಮಾಕ್ಕೆ ಪವನ್ ಕುಮಾರ್ ಜನರಿಂದಲೇ ದುಡ್ಡು ಸೇರಿಸಿದ್ದೂ ಅದೇ ವರ್ಷ, ನೆನಪಿದೆಯಾ? :)

ಈ ಸಲ ಕತೆ ದಾಳದ್ದಲ್ಲ, ಎಲೆಗಳದ್ದು. ಅದಕ್ಕೂ ಇತಿಹಾಸ ಇದೆ. ರಿಚರ್ಡ್ ಗಾರ್ಫೀಲ್ಡ್ ಅನ್ನೋ ಗಣಿತಜ್ಞ ಪೀಟರ್ ಆಡ್ಕಿಸನ್ ಅನ್ನೋನ ಹತ್ರ ಒಂದು ಬೋರ್ಡ್ ಆಟ ತಗೊಂಡು ಹೋದ. ಆಡ್ಕಿಸನ್ ಬೋಯಿಂಗ್ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ಮಾಡ್ತಾ 'ವಿಝರ್ಡ್ಸ್ ಆಫ್ ದ ಕೋಸ್ಟ್' ಅನ್ನೋ ಪುಟ್ಟ ಕಂಪನಿ ನಡೆಸ್ತಿದ್ದ (ನಮ್ಮವನೇ ಅನ್ನಿ). ಅದನ್ನ ಅಚ್ಚು ಹಾಕೋಕೆ ನನ್ನ ಹತ್ರ ದುಡ್ಡಿಲ್ಲ, ಸಮ್ಮೇಳನಗಳಲ್ಲಿ ಬಿಡುವಿನ ಹೊತ್ತಲ್ಲಿ ಆಡೋವಂಥ ಚಿಕ್ಕದೇನಾದ್ರೂ ಮಾಡು ಅಂದ. ಬಂದಿದ್ದು 1993ರ 'ಮ್ಯಾಜಿಕ್: ದ ಗ್ಯಾದರಿಂಗ್'. ಇಸ್ಪೀಟಲ್ಲಿ ಎಲ್ಲರಿಗೂ ಒಂದೇ ಕಟ್ಟು. ಇಲ್ಲಿ ಪ್ರತಿಯೊಬ್ಬನೂ ತನ್ನ ಸ್ವಂತ ಕಟ್ಟು ತರ್ತಾನೆ. ಪೊಟ್ಟಣದಲ್ಲಿ ಯಾವ ಎಲೆ ಬರುತ್ತೆ ಅಂತ ಒಡೆಯೋ ತನಕ ಗೊತ್ತಿಲ್ಲ. ಒಂದೊಂದು ಎಲೆಯೂ ಆಟದ ನಿಯಮವನ್ನೇ ಮುರಿಯುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರೂಲ್ ಬುಕ್ಕು ಬೇಸ್ ಕ್ಲಾಸು, ಎಲೆಗಳೆಲ್ಲ ಅದನ್ನ ಓವರ್‌ರೈಡ್ ಮಾಡೋವು.

1997ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರ್ತಿದ್ದ ಟಿಎಸ್‌ಆರ್ ಕಂಪನಿ ಸಾಲದಲ್ಲಿ ಮುಳುಗಿದಾಗ ಅದನ್ನ ಕೊಂಡುಕೊಂಡಿದ್ದು ಇದೇ ವಿಝರ್ಡ್ಸ್, ಎಲೆಗಳಿಂದ ಬಂದ ದುಡ್ಡಲ್ಲಿ. ದಾಳದವರಿಗೆ ಎಲೆಯವರ ಮೇಲೆ ಇದ್ದ ಒಂಥರಾ ತಾತ್ಸಾರ ಅದರಿಂದ ಕಡಿಮೆಯೇನೂ ಆಗಲಿಲ್ಲ. ನಮ್ಮಲ್ಲೂ ಎಲೆ ಅಂದ್ರೆ ಇಸ್ಪೀಟು, ಇಸ್ಪೀಟು ಅಂದ್ರೆ ಜೂಜು. ರಮ್ಮಿಯಲ್ಲಿ ಕೌಶಲವೇ ಮುಖ್ಯ ಅಂತ 1967ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಮೈಸೂರು ಅರಮನೆಯಲ್ಲಿ 360 ಎಲೆಗಳ ತನಕದ ಗಂಜೀಫ ಆಟಗಳನ್ನ ಕಟ್ಟಿದ್ದರು ಅನ್ನೋದು ನಮಗೆ ಮ್ಯೂಸಿಯಂನಲ್ಲಿ ಮಾತ್ರ ನೆನಪಾಗುತ್ತೆ.

ಸಿನಿಮಾದ ಕ್ಯಾಸ್ ಅಂಥ ತಾತ್ಸಾರದ ದಾಳದವನು. ನ್ಯಾಟಲಿ ಅನ್ನೋ ಎಲೆ ಆಟಗಾರ್ತಿಯ ಮೇಲೆ ಮನಸ್ಸಾಗುತ್ತೆ. ಅವಳು, ಜೆನ್ ಕಾನ್‌ನ ಪಂದ್ಯ ಗೆದ್ದು ಬಾ, ಆಮೇಲೆ ನೋಡೋಣ ಅಂತಾಳೆ. ಅವನಿಗೆ ಗೆಲುವು ಮುಖ್ಯ, ಅವಳಿಗೆ ಕತೆ. ಅವಳು ಆಡೋ 'ರೊಮ್ಯಾನ್ಸ್ ಆಫ್ ದ ನೈನ್ ಎಂಪೈರ್ಸ್' ಆಟದಲ್ಲಿ ಯಾರು ಪಂದ್ಯ ಗೆಲ್ತಾರೆ ಅನ್ನೋದರ ಮೇಲೆ ಆ ಲೋಕದ ಮುಂದಿನ ಕತೆ ಬರೆಯಲ್ಪಡುತ್ತೆ. ಹುಡುಗಿ ಅನ್ನೋ ಕಾರಣಕ್ಕೇ ಅವಳನ್ನ ಮೇಜಿನಿಂದ ಎಬ್ಬಿಸೋಕೆ ನೋಡೋ ಗಂಡಸರೂ ಇದ್ದಾರೆ. ಹೊರಗಿನವರ ಸುಳ್ಳಿಗೆ ಉತ್ತರ ಕೊಟ್ಟ ಕೂಟ ತನ್ನೊಳಗಿನ ಕೊಳೆಯನ್ನೂ ತೋರಿಸಿದ್ದು ನನಗೆ ಇಷ್ಟವಾಗಿದ್ದು. ಗ್ಯಾರಿ ಅನ್ನೋನು ಒಂದು ಕಾರ್ಟೂನ್ ಗೊಂಬೆಯ ಮೇಲೆ ಯುದ್ಧ ಸಾರೋ ಉಪಕತೆ ಮಾತ್ರ ಸ್ವಲ್ಪ ಎಳೆದಂಗಿದೆ.

ಪಂದ್ಯದಿಂದ ಕತೆ ಹುಟ್ಟೋದು ಸಿನಿಮಾದವರ ಕಲ್ಪನೆ ಅಲ್ಲ. 1995ರಲ್ಲಿ ಎಇಜಿ ಕಂಪನಿ ತಂದ 'ಲೆಜೆಂಡ್ ಆಫ್ ದ ಫೈವ್ ರಿಂಗ್ಸ್' ನಡೆದಿದ್ದೇ ಹಾಗೆ. ರೊಕುಗಾನ್ ಅನ್ನೋ ಕಲ್ಪಿತ ಸಾಮ್ರಾಜ್ಯ, ಅದರೊಳಗೆ ಕುಲಗಳು. ಸೇರಿದವರು ಒಂದು ಕುಲಕ್ಕೆ ನಿಷ್ಠರು. 1997ರ ಜೆನ್ ಕಾನ್‌ನಲ್ಲಿ ಮೊದಲ ದೊಡ್ಡ ಅಧ್ಯಾಯದ ಅಂತ್ಯ ತೀರ್ಮಾನವಾಗಿದ್ದು ಆಟಗಾರರ ಕೈಲಿ. ತಾಳಮದ್ದಲೆಯಲ್ಲಿ ಕರ್ಣನ ಅರ್ಥಧಾರಿ ಗೆದ್ದಿದ್ದಕ್ಕೆ ಮುಂದಿನ ವರ್ಷದಿಂದ ಎಲ್ಲ ಮೇಳದವರೂ ಕರ್ಣ ಬದುಕಿರೋ ಪ್ರಸಂಗವನ್ನೇ ಆಡ್ತಾರೆ ಅಂದ್ಕೊಳ್ಳಿ, ಹೆಚ್ಚುಕಡಿಮೆ ಹಾಗೆ!

ಸಿನಿಮಾದ ಒಂದಷ್ಟು ಭಾಗ ತೆಗೆದಿದ್ದು 2012ರ ನಿಜವಾದ ಜೆನ್ ಕಾನ್‌ನಲ್ಲೇ. ಐವತ್ತು ಡಾಲರ್ ಹಾಲಿನಿಂದ ಹೊರಟ ಸಮ್ಮೇಳನ ಅಷ್ಟೊತ್ತಿಗೆ ಇಂಡಿಯಾನಾಪೊಲಿಸ್ ನಗರಕ್ಕೆ ಹೋಗಿ 40,000 ಜನ ದಾಟಿತ್ತು. ಸಿನಿಮಾಕ್ಕಾಗಿ ಹುಟ್ಟಿಸಿದ ಒಂಬತ್ತು ಸಾಮ್ರಾಜ್ಯಗಳ ಆಟವನ್ನ 2013ರಲ್ಲಿ ಎಇಜಿಯೇ ನಿಜವಾದ ಎಲೆಗಳಾಗಿ ಅಚ್ಚು ಹಾಕಿ ಮಾರಿತು. ಮೂಲದ ಐದು ಉಂಗುರಗಳ ಆಟವನ್ನ 2015ರಲ್ಲಿ ಬೇರೆ ಕಂಪನಿಗೆ ಮಾರಿಬಿಟ್ರು. ಇಪ್ಪತ್ತು ವರ್ಷ ಆಟಗಾರರು ಬೆಳೆಸಿದ ಕತೆ ಅಲ್ಲಿಗೆ ನಿಂತಿತು. ಹೊಸಬರು 2017ರಲ್ಲಿ ಕತೆಯನ್ನ ಮತ್ತೆ ಮೊದಲಿಂದ ಶುರುಮಾಡಿದ್ರು, ಆ ಎಲೆಗಳೂ 2021ಕ್ಕೆ ನಿಂತವು.

ನೋಡ್ಬೇಕು ಅನ್ನೋರು 2002ರದ್ದನ್ನ ಮೊದಲು ನೋಡಿ, ಒಂದು ಗಂಟೆಯೊಳಗೆ ಮುಗಿಯುತ್ತೆ. 'ಮೇಜಸ್ ಅಂಡ್ ಮಾನ್‌ಸ್ಟರ್ಸ್' ಅನ್ನೂ ನೋಡಿ, ಟಾಮ್ ಹ್ಯಾಂಕ್ಸ್‌ಗಾಗಿ ಅಲ್ಲ. ಆ ಸಿನಿಮಾ ಪ್ರಸಾರವಾದ ದಿನಕ್ಕೆ ಆ ಮಿಶಿಗನ್ ಹುಡುಗ ತೀರಿಕೊಂಡು ಎರಡು ವರ್ಷ ದಾಟಿತ್ತು ಅನ್ನೋದನ್ನ ನೆನಪಲ್ಲಿಟ್ಕೊಂಡು ನೋಡಿ.