ಹಡಗಿನಡಿಯ ವಲಸಿಗ

ಬ್ಯಾಂಕಿನ ವರ್ಗಾವಣೆ ಪತ್ರ ಹಿಡ್ಕೊಂಡು ನಾನು ಉಡುಪಿಯಿಂದ ಮುಂಬಯಿಗೆ ಬಂದದ್ದು 1984ರಲ್ಲಿ. ಬಂದರಿನ ಹತ್ತಿರದ ಶಾಖೆ. ಆಮದು-ರಫ್ತಿನ ಬಿಲ್ಲು ನೋಡೋದೇ ಕೆಲಸ. ಹಡಗು ಯಾವುದು, ಸರಕು ಏನು, ತೂಕ ಎಷ್ಟು, ಎಲ್ಲಕ್ಕೂ ಕಾಗದ. ಆದರೆ ಯಾವ ಕಾಗದದಲ್ಲೂ ನಮೂದಾಗದೆ, ನನಗಿಂತ ಮೊದಲೇ ಇದೇ ಬಂದರಿಗೆ ಬಂದು ನೆಲೆಸಿದ್ದ ಒಬ್ಬ ವಲಸಿಗನ ವಿಷಯ ತಿಳಿದದ್ದು ನಿವೃತ್ತಿಯ ನಂತರ, ಓದಲು ಪುರುಸೊತ್ತು ಸಿಕ್ಕಿದಾಗ.

ಅದೊಂದು ಚಿಪ್ಪುಜೀವಿ. ನೋಡಲು ನಮ್ಮ ಕರಾವಳಿಯ ಪಚ್ಚಿಲೆಯ ಮರಿಯಂತೆ, ಒಂದು ಇಂಚಿನಷ್ಟು ಉದ್ದ. ಶಾಸ್ತ್ರೀಯ ಹೆಸರು ಮೈಟಿಲಾಪ್ಸಿಸ್ ಸಾಲೇಯಿ. ತವರು ದೂರದ ಕೆರಿಬಿಯನ್ ಸಮುದ್ರ, ಮೆಕ್ಸಿಕೋ ಕೊಲ್ಲಿಯ ಕಡೆ. ಭಾರತದಲ್ಲಿ ಮೊದಲು ಕಂಡದ್ದು 1967ರ ಸುಮಾರಿಗೆ, ವಿಶಾಖಪಟ್ಟಣ ಬಂದರಿನಲ್ಲಿ. ಆಮೇಲೆ ಮುಂಬಯಿಯ ನೌಕಾಪಡೆಯ ಡಾಕ್‌ಗಳಲ್ಲಿ. 1975ರಲ್ಲಿ ಇದರ ಬಗ್ಗೆ ಬರೆದ ವಿಜ್ಞಾನಿಗಳು ಇದನ್ನು ವಲಸಿಗ ಎಂದೇ ಕರೆದರು.

ಬಂದದ್ದು ಹೇಗೆ? ಹಡಗಿನ ತಳಕ್ಕೆ ದಾರದಂಥ ಎಳೆಗಳಿಂದ ಅಂಟಿಕೊಂಡು ಬಂದಿರಬೇಕೆಂದು ಊಹೆ. ಇಂಥ ಜೀವಿಗಳಿಗೆ ಇನ್ನೊಂದು ದಾರಿಯೂ ಉಂಟು. ಕುದುರೆಮುಖದ ಅದಿರು ತುಂಬಲು ನವಮಂಗಳೂರಿಗೆ ಖಾಲಿ ಹಡಗುಗಳು ಬರುತ್ತಿದ್ದುದು ನಮ್ಮವರಿಗೆ ನೆನಪಿರಬಹುದು. ಖಾಲಿ ಹಡಗು ವಾಲದಿರಲಿ ಅಂತ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ, ಸರಕು ಹೇರುವಾಗ ಅದನ್ನು ಹೊರಗೆ ಚೆಲ್ಲುತ್ತದೆ. ಆ ಬ್ಯಾಲಸ್ಟ್ ನೀರಿನೊಳಗೆ ಪರದೇಶದ ಮರಿಗಳೂ ಇರಬಹುದು.

ಈ ಚಿಪ್ಪಿಗೆ ಉಪ್ಪುನೀರೂ ಆಗುತ್ತದೆ, ಬಹುಪಾಲು ಸಿಹಿನೀರೂ ಆಗುತ್ತದೆ. ಸುಮಾರು ಒಂದು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತದೆ. ಕಂಬ, ಸರಪಳಿ, ನೀರಿನ ಕೊಳವೆ ಎಲ್ಲೆಂದರಲ್ಲಿ ಗೊಂಚಲು ಗೊಂಚಲಾಗಿ ಕೂತರೆ ಅಲ್ಲಿನ ಹಳೇ ಒಕ್ಕಲಿಗೆ ಜಾಗವೇ ಇಲ್ಲ.

1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಇದರ ಜಾತಿಯದೇ ಚಿಪ್ಪು ಸಿಕ್ಕಿತು. ದೋಣಿಕಟ್ಟೆಗಳಿಗೆ ಬಾಗಿಲಿತ್ತು, ಮುಚ್ಚಿ, ಕ್ಲೋರಿನ್ ಮತ್ತು ಮೈಲುತುತ್ತ ಸುರಿದು ಪೂರ್ತಿ ನಿರ್ಮೂಲ ಮಾಡಿದರು. ಒಳಗಿದ್ದ ಬೇರೆ ಜೀವಿಗಳೂ ಜೊತೆಗೇ ಸತ್ತವು. ಬೇಗ ಕಂಡದ್ದರಿಂದ ಅಷ್ಟಾದರೂ ಸಾಧ್ಯವಾಯಿತು. ನಮ್ಮಲ್ಲಿ ಆ ಹೊತ್ತಿಗೆ ಮೂವತ್ತು ವರ್ಷ ದಾಟಿತ್ತು. ಬ್ಯಾಲಸ್ಟ್ ನೀರಿನ ಅಂತಾರಾಷ್ಟ್ರೀಯ ಒಪ್ಪಂದ ಆದದ್ದು 2004ರಲ್ಲಿ, ಜಾರಿಗೆ ಬಂದದ್ದು 2017ರಲ್ಲಿ.

ಲೋಕಲ್ ರೈಲಿನಲ್ಲಿ ನನ್ನನ್ನೂ ‘ಹೊರಗಿನವ’ ಅಂದವರುಂಟು. ಹಾಗಾಗಿ ವಲಸಿಗ ಎಂಬ ಮಾತು ಕಂಡರೆ ನನಗೆ ಸ್ವಲ್ಪ ಮುಜುಗರವೇ. ನಾನು ಬಾಡಿಗೆ ಕೊಟ್ಟೆ, ಮರಾಠಿ ಕಲಿತೆ, ನೆರೆಯವರ ಗಣಪತಿಗೆ ವರ್ಗಣಿ ಕೊಟ್ಟೆ. ಚಿಪ್ಪಿಗೆ ಅದೆಲ್ಲ ಬರದು. ಆದರೆ ಅದು ತಾನಾಗಿ ಹೊರಟು ಬಂದದ್ದೂ ಅಲ್ಲ. ತಂದದ್ದು ನಮ್ಮ ವ್ಯಾಪಾರ. ಆ ಸಾಗಾಟದ ಬಿಲ್ಲುಗಳಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಈ ಬಾಬತ್ತಿಗೆ ಒಂದು ಕಾಲಂ ಬೇಕಿತ್ತು ಅಂತ ಆಗ ನನಗೂ ಹೊಳೆಯಲಿಲ್ಲ.